ಹೊತ್ತು ಮುಳುಗುವ ವೇಳೆ

ಐದು ರಾತ್ರಿಗಳಲ್ಲಿ ಎರಡನ್ನು ಆರಿಸಿ
ಶುಕ್ರವಾರದೊಳಗೆ ಹೇಳಬೇಕಂತೆ.

ಬಿತ್ತನೆ ಆಲೂಗಡ್ಡೆ ಕಂಪನಿಯ ಬಹುಮಾನ.
ಈ ಸಲ ಹಾಸನದ ಮಂಡಿಗಳಲ್ಲೆಲ್ಲ
ಹೆಚ್ಚು ಲೋಡು ಇಳಿಸಿದವನು ನಾನೇ.
ಮುಂಬೈಯಿಂದ ಹಡಗು, ಲಕ್ಷದ್ವೀಪ, ಕೊಚ್ಚಿ, ಮತ್ತೆ ಮುಂಬೈ.
ದೊಡ್ಡ ಹಾಲಿನ ಊಟ ದಿನಾ ಪುಕ್ಕಟೆ;
ಮೇಲಂತಸ್ತಿನ ಸ್ಪೆಷಲ್ ಹೋಟೆಲುಗಳಲ್ಲಿ
ಎರಡು ರಾತ್ರಿ ಮಾತ್ರ ಕಂಪನಿ ಲೆಕ್ಕ.

ಟ್ರಾವೆಲ್ಸಿನ ಲೋಹಿತ ಮಂಡಿಗೇ ಬಂದ,
ಮೂಟೆಯ ಮೇಲೆ ಕೂತ.
"ಮೊದಲನೇ ರಾತ್ರಿ ಹಿಡೀರಿ ಅಣ್ಣ, ಜನ ಎಲ್ಲ
ಹಡಗು ಸುತ್ತೋ ಗಡಿಬಿಡೀಲಿರ್ತಾರೆ, ಮೇಜು ಖಾಲಿ.
ಮೂರನೇದು ಬೇಡ. ಅವತ್ತು
ದೊಡ್ಡ ಹಾಲಲ್ಲಿ ಸಿಗಡಿ, ಕೋಟು ಹಾಕ್ಕೊಂಡು ಬರ್ತಾರೆ.
ಕೊನೇ ರಾತ್ರಿ ಪೆಟ್ಟಿಗೆ ಬಾಗಿಲಾಚೆ ಇಡಬೇಕು, ಅದೂ ಬೇಡ."

ನೋಡು ಲೋಹಿತ, ಅಂದೆ,
ನಮ್ಮನೇಲಿ ರಾತ್ರಿಯೇ ಇಲ್ಲ.

ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನಾದರೂ ಹಾಕಿ
ಹದಿನೇಳು ವರ್ಷವಾಯಿತು ಮರುದೇವಿ.
ಸಂಜೆ ಐದೂವರೆಗೆಲ್ಲ ನಮ್ಮ ತಟ್ಟೆಗಳು ಬೋರಲು.
ನೆಲದಡಿ ಬೆಳೆದದ್ದು ಹೊಸಿಲು ದಾಟುವುದಿಲ್ಲ.
ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ.
ಆಲೂಗಡ್ಡೆಯಂತೂ
ಅಜ್ಜನ ಕಾಲದಿಂದ
ದುಡ್ಡಿನ ರೂಪದಲ್ಲಷ್ಟೇ ಒಳಗೆ ಬಂದಿದೆ.

ರಾತ್ರಿ, ಅಂದರೆ ನಮ್ಮ ಸಂಜೆ,
ಫೋನಿನಲ್ಲಿ ಮೆನು ತೋರಿಸಿದೆ.
ಕನ್ನಡಕ ಏರಿಸಿಕೊಂಡು ಅವಳು ಹೋದದ್ದು
ಗೋಡೆಯ ಕ್ಯಾಲೆಂಡರಿನ ಹತ್ತಿರ.
ಮೂಲೆಯಲ್ಲಿ ಇರುವೆಗಾತ್ರದ ಅಕ್ಷರ: ಸೂರ್ಯಾಸ್ತ ೫:೫೫.
"ಇದು ನಮ್ಮೂರಿಂದು. ಸಮುದ್ರದ್ದು ಎಷ್ಟು?"

ಎಷ್ಟು ಎಂದು ನಾನು ಯಾವತ್ತು ಕೇಳಿಕೊಂಡಿದ್ದೆ?
ಸೂರ್ಯ ಎಲ್ಲ ಕಡೆ ಒಂದೇ ತಕ್ಕಡಿ ಅಂದುಕೊಂಡಿದ್ದೆ.
ಹುಡುಕಿದೆವು, ಇಬ್ಬರೂ, ತಲೆಗೆ ತಲೆ ತಾಗಿಸಿ.
ಮುಂಬೈ ಬಿಡುವ ದಿನ ಆರು ಗಂಟೆ.
ಕೊಚ್ಚಿಯಲ್ಲಿ ಮತ್ತೆ ನಮ್ಮೂರಿನ ಹಾಗೇ.
ದ್ವೀಪದ ದಿನ, ಪಡುವಣಕ್ಕೆ ಅಷ್ಟು ದೂರ ಸರಿದ ಮೇಲೆ,
ಆರು ಗಂಟೆ ಹನ್ನೊಂದು ನಿಮಿಷ.

"ಹದಿನಾರು ನಿಮಿಷ ಜಾಸ್ತಿ," ಅಂದಳು,
ಅಂಗಡಿಯವನು ಕೊಸರು ಹಾಕಿದ ಹಾಗೆ ಮುಖ ಮಾಡಿ.
"ಅವರು ಬಾಗಿಲು ತೆಗೆಯೋದು?"
ಐದೂವರೆಗೆ.
"ನಲವತ್ತೊಂದು ನಿಮಿಷ ಆಯಿತಲ್ಲ."
ನಾಲ್ಕು ಸುತ್ತು ಬಡಿಸ್ತಾರಂತೆ ಕಣೇ, ನಿಧಾನಕ್ಕೆ.
"ಮದುವೆಮನೇಲಿ ಮೊದಲ ಪಂಕ್ತಿ
ಇಪ್ಪತ್ತು ನಿಮಿಷಕ್ಕೆ ಎದ್ದು ಕೈ ತೊಳೆಯುತ್ತೆ. ಬರೆದುಕೊಳ್ಳಿ."

ಬರೆದುಕೊಂಡೆ: ಮೂರನೇ ರಾತ್ರಿ.
ಲೋಹಿತ ಬೇಡವೆಂದ ಅದೇ ರಾತ್ರಿ.
ಊರಿಗೆಲ್ಲ ಸಿಗಡಿ, ಕೋಟು;
ನಮಗೆ ಒಂದಿಷ್ಟು ಬಿಸಿಲು.

ಎರಡನೆಯದನ್ನು ಬಿಟ್ಟುಬಿಡೋಣ ಅಂದೆ.
ಅವಳು ಆಗಲೇ ತಟ್ಟೆ ಜೋಡಿಸುತ್ತಿದ್ದಳು.
"ಯಾಕೆ ಬಿಡೋದು? ಮೊದಲನೇ ರಾತ್ರಿ, ಎಂಟೂವರೆಗೆ,
ಆ ಕೆಂಡದ ಹೋಟೆಲಲ್ಲಿ. ನಿಮಗೆ.
ಬೆಳ್ಳಿ ಕಾಗದ ಸುತ್ತಿ ಸುಡ್ತಾರಂತೆ, ಬೆಣ್ಣೆ ಹಾಕಿ."
ಏನನ್ನು?
"ನಿಮ್ಮ ಮಂಡೀದನ್ನೇ."

ಮೆನುವನ್ನೂ ಓದಿದ್ದಳು ಹಾಗಾದರೆ.

ನನಗ್ಯಾಕೆ ಅದೆಲ್ಲ, ಅಂದೆ.
ತಿರುಗದೆಯೇ ಹೇಳಿದಳು:
"ಅಂಗಿ ಒಗೆಯೋಳು ನಾನು."

ಬಸ್‌ಸ್ಟ್ಯಾಂಡಿನ ಹಿಂದಿನ ಹೋಟೆಲು,
ಗುರುವಾರ ಗುರುವಾರ ಮಸಾಲೆ ದೋಸೆ,
ಪಲ್ಯದ ಅರಿಶಿನ, ಮೂರನೇ ಗುಂಡಿಯ ಹತ್ತಿರ.
ಎಷ್ಟು ಗುರುವಾರ, ಎಷ್ಟು ಸೋಪು.

ಅಂಗೈಯಲ್ಲಿ ಹಿಡಿದರೆ ತೂಕ ಹೇಳುತ್ತೇನೆ,
ಹೆಬ್ಬೆರಳಿಂದ ಒತ್ತಿದರೆ ಯಾವ ಹೊಲದ ಮಣ್ಣು ಎಂದು.
ಅವಳೆದುರು ಕೂತು
ಒಂದನ್ನೂ ತಿಂದವನಲ್ಲ.

"ನೀನು?"
"ಎದುರಿಗೆ ಕೂತಿರ್ತೀನಿ. ಕೂರೋದಕ್ಕೇನು ನೇಮ?"

ಬೆಳಿಗ್ಗೆ ಲೋಹಿತನಿಗೆ ಫೋನು ಮಾಡಿದೆ.
"ಮೊದಲನೇ ರಾತ್ರಿ ಊಟ ಒಂದು," ಅವನು ಬರೆದುಕೊಂಡ, "ಕುರ್ಚಿ?"
ಎರಡು. ಕಿಟಕಿ ಪಕ್ಕ.
"ಎಂಟೂವರೆಗೆ ಕಿಟಕೀಲಿ ಏನೂ ಕಾಣ್ಸಲ್ಲ ಅಣ್ಣ, ಬರೀ ಕತ್ತಲು."
ಗೊತ್ತಪ್ಪ, ಅಂದೆ,
ಅದನ್ನೇ ನೋಡ್ಬೇಕು ನಾವು.